ಮೊಬೈಲ್ ಕದ್ದವನಿಗೆ ಜೈಲು, ಊರವರ ರಿಪೋರ್ಟ್ ಬಯಲಿಗಿಟ್ಟವರಿಗೆ ಬರೀ ದಂಡ. ಇದ್ಯಾವ ಲೆಕ್ಕ?

ಗಡಿಯಾರದಮುಳ್ಳು
ಎರಡು ಘಟನೆ ಹೇಳುತ್ತೇನೆ. ಎರಡೂ ನನಗೇ ಆದದ್ದು.

2023ರಲ್ಲಿ ಬಸ್ಸಿನಲ್ಲಿ ನನ್ನ ಹಳೇ ಮೊಬೈಲ್ ಕಳುವಾಯಿತು. ಮಾರಿದರೆ ನಾಲ್ಕು ಸಾವಿರವೂ ಹುಟ್ಟುತ್ತಿರಲಿಲ್ಲ. ಕದ್ದ ಹುಡುಗ ಮೂರೇ ದಿನಕ್ಕೆ ಸಿಕ್ಕಿಬಿದ್ದ. ಜಾಮೀನಿಗೆ ನಿಲ್ಲುವವರು ಯಾರೂ ಇಲ್ಲದೆ ನಾಲ್ಕು ತಿಂಗಳು ಒಳಗಿದ್ದನಂತೆ. ಸಾಕ್ಷಿ ಹೇಳಲು ಹೋದಾಗ ಗೊತ್ತಾಯಿತು.

ಇನ್ನೊಂದು ಮೊನ್ನೆ ಮೊನ್ನೆಯದು. ಒಂದು ಆನ್‌ಲೈನ್ ಕಂಪನಿಯ ಮೂಲಕ ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟಿನ ಲಿಂಕ್ ಮೆಸೇಜಿನಲ್ಲಿ ಬಂತು. ಲಿಂಕಿನ ತುದಿಯಲ್ಲಿ ಒಂದು ನಂಬರ್. ನನ್ನ ತಮ್ಮ ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದ. ಬೇರೆ ಯಾರದೋ ರಿಪೋರ್ಟ್ ತೆರೆದುಕೊಂಡಿತು! ಹೆಸರು, ವಯಸ್ಸು, ಫೋನ್ ನಂಬರ್, ಶುಗರ್ ಎಷ್ಟಿದೆ ಎಲ್ಲವೂ. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಆ ವಾರದಿಂದಲೇ ನನಗೆ ಶುಗರ್ ಔಷಧಿ ಮಾರುವವರ ಫೋನ್ ಶುರುವಾಯಿತು. ಕಂಪನಿಗೆ ಮೇಲ್ ಹಾಕಿದರೆ "ನಿಮ್ಮ ಖಾಸಗಿತನ ನಮಗೆ ಅತ್ಯಂತ ಮುಖ್ಯ" ಅಂತ ಒಂದು ಸಾಲು ಬಂತು. ಅಷ್ಟೇ.

ಹೊಸ ಡೇಟಾ ಸಂರಕ್ಷಣಾ ಕಾಯ್ದೆ ತೆಗೆದು ಓದಿದೆ. ಎಲ್ಲಿ ನೋಡಿದರೂ ದಂಡ. ಜೈಲು ಎಂಬ ಮಾತೇ ಇಲ್ಲ. ಒಂದು ಮೊಬೈಲ್ ಕದ್ದವನು ಒಳಗೆ, ಇಷ್ಟೊಂದು ಜನರ ಕಾಯಿಲೆ ಕಸಾಲೆಯನ್ನು ರಸ್ತೆಗಿಟ್ಟವರು ಹೊರಗೆ. ಯಾರಾದರೂ ಬಲ್ಲವರು ಇದನ್ನು ಬಿಡಿಸಿ ಹೇಳುತ್ತೀರಾ?

ಎಮ್ಮೆಚರ್ಮ
ಅತ್ಯಂತ ಮುಖ್ಯವೇ ಇರಬೇಕು. ಇಲ್ಲದಿದ್ದರೆ ಅಷ್ಟು ಜನಕ್ಕೆ ಯಾಕೆ ತೋರಿಸುತ್ತಿದ್ದರು?

ಬೀಗದಕೈ
ಗಡಿಯಾರದವರೇ, ಮೊದಲು ಒಂದು ಕೆಲಸ ಮಾಡಿ. ನಿಮ್ಮ ತಮ್ಮನಿಗೆ ಇನ್ನೊಂದು ನಂಬರ್ ಹಾಕಿ ನೋಡಬೇಡ ಅಂತ ಹೇಳಿ. ಒಂದು ಸಲ ಕೈತಪ್ಪಿದ್ದು ಬೇರೆ. "ಎಷ್ಟು ತೆರೆಯುತ್ತವೆ ನೋಡೋಣ" ಅಂತ ಇಪ್ಪತ್ತು ತೆರೆದರೆ ಬೇರೆಯೇ ಕಥೆ. ನಾನು ಇದೇ ಕೆಲಸದಲ್ಲಿದ್ದೇನೆ, ಸಾಫ್ಟ್‌ವೇರಿನ ತೂತು ಹುಡುಕುವ ಕೆಲಸ. ತೂತು ತೋರಿಸಿದವನ ಮೇಲೆಯೇ ದೂರು ಕೊಟ್ಟ ಕಂಪನಿಗಳನ್ನು ಕಂಡಿದ್ದೇನೆ.

ಇಂಥ ತೂತು ಬಹಳ ಹಳೆಯದು, ಬಹಳ ಸಾಮಾನ್ಯ. ಬಾಗಿಲಿಗೆ ನಂಬರ್ ಬರೆದು ಬೀಗ ಹಾಕುವುದನ್ನು ಮರೆತ ಹಾಗೆ. ಕೇಳಿದವನು ಯಾರು ಅಂತ ಸರ್ವರ್ ನೋಡುವುದೇ ಇಲ್ಲ, ಕೇಳಿದ ನಂಬರಿನ ಕಡತ ತೆಗೆದು ಕೊಟ್ಟುಬಿಡುತ್ತದೆ. ಸರಿ ಮಾಡಲು ಒಂದು ದಿನ ಸಾಕು. ಮಾಡುವುದಿಲ್ಲ, ಅಷ್ಟೇ.

ಗಡಿಯಾರದಮುಳ್ಳು
ಅಯ್ಯೋ, ತಮ್ಮ ಆಗಲೇ ಆರೋ ಏಳೋ ತೆರೆದು ನೋಡಿದ್ದಾನೆ. ಅದಕ್ಕೂ ಕೇಸ್ ಆಗುತ್ತಾ?

ಕರಿಕೋಟು
ಆಗಬಾರದು. ಆದರೆ ಹೆದರಿಸಲು ಸಾಕು. ಐಟಿ ಕಾಯ್ದೆಯ ಸೆಕ್ಷನ್ 43ರಲ್ಲಿ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ಮಾಹಿತಿ ತೆಗೆಯುವುದು ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಸೆಕ್ಷನ್ 66. ಮೂರು ವರ್ಷದ ವರೆಗೆ ಜೈಲು, ಐದು ಲಕ್ಷದ ವರೆಗೆ ದಂಡ, ಅಥವಾ ಎರಡೂ. ನಿಮ್ಮ ತಮ್ಮನಿಗೆ ಮೋಸದ ಉದ್ದೇಶ ಇರಲಿಲ್ಲ. ಹಾಗಾಗಿ 66 ನಿಲ್ಲುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿಲ್ಲುವುದಿಲ್ಲ ಅಂತ ಸಾಬೀತು ಮಾಡಲು ಓಡಾಡಬೇಕಾದವನು ಅವನೇ ತಾನೆ.

ಈಗ ನಿಮ್ಮ ಮೂಲ ಪ್ರಶ್ನೆ. ಅದರಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ.

ಮೊದಲನೆಯದು, ಆ ಹುಡುಗನಿಗೆ ಆದದ್ದು ಶಿಕ್ಷೆ ಅಲ್ಲ. ಅವನು ವಿಚಾರಣಾಧೀನ ಕೈದಿ. ಶಿಕ್ಷೆ ತೀರ್ಪಿನ ನಂತರ ಬರುವುದು. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ನೂರಕ್ಕೆ 75ರಷ್ಟು ಜನ ಇವರೇ, ತೀರ್ಪು ಇನ್ನೂ ಆಗದವರು. 2022ರ ಜೈಲು ಅಂಕಿಅಂಶ ನೋಡಿ.

ಎರಡನೆಯದು, ದಂಡ ಸಣ್ಣದಲ್ಲ. ನೀವು ಓದಿದ ಹೊಸ ಡೇಟಾ ಸಂರಕ್ಷಣಾ ಕಾಯ್ದೆ, ಅಂದರೆ ಡಿಪಿಡಿಪಿ ಕಾಯ್ದೆ 2023ರ ಪ್ರಕಾರ ಡೇಟಾಗೆ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿ ವರೆಗೆ. ಸೋರಿಕೆಯಾದದ್ದನ್ನು ತಿಳಿಸದಿದ್ದರೆ 200 ಕೋಟಿ ವರೆಗೆ.

ತಕರಾರು
"ವರೆಗೆ" ಅನ್ನುವ ಪದಕ್ಕೆ ಅಡಿಗೆರೆ ಎಳೆಯಿರಿ ಕರಿಕೋಟಿನವರೇ. ವರೆಗೆ ಅಂದರೆ ಹತ್ತು ಸಾವಿರವೂ ಆಗಬಹುದು.

ಜೊತೆಗೆ ನೀವು ಹೇಳಿದ "ಅದು ಶಿಕ್ಷೆ ಅಲ್ಲ" ಅನ್ನುವ ಮಾತು ಪುಸ್ತಕದಲ್ಲಿ ಸರಿ. ಒಳಗಿರುವವನಿಗೆ ಗೋಡೆ ಅದೇ ಗೋಡೆ, ಅನ್ನ ಅದೇ ಅನ್ನ.

ಕರಿಕೋಟು
ಒಪ್ಪಿದೆ. ಅದಕ್ಕೇ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 479ರಲ್ಲಿ ಬದಲಾವಣೆ ತಂದಿದ್ದಾರೆ. ಹಿಂದೆ ಯಾವ ಕೇಸಿನಲ್ಲೂ ತಪ್ಪಿತಸ್ಥ ಅಂತ ತೀರ್ಪಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಮೊದಲು ಅರ್ಧ ಇತ್ತು. ಗಲ್ಲು, ಜೀವಾವಧಿ ಇರುವ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದು ಹಳೇ ಕೇಸುಗಳಿಗೂ ಸಲ್ಲುತ್ತದೆ ಅಂತ ಹೇಳಿತು.

ತಕರಾರು
ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಮೂರನೇ ಒಂದು ಭಾಗ ಅಂದರೆ ಒಂದು ವರ್ಷ. ನಾಲ್ಕು ಸಾವಿರದ ಫೋನಿಗೆ ಒಂದು ವರ್ಷ ಕಾದು ಕೂತರೆ ಆಮೇಲೆ ಬಿಡುತ್ತಾರೆ. ದೊಡ್ಡ ಉಪಕಾರ.

ಸುಮ್ನೆಓದುವವಳು
ಈಗ ಸಣ್ಣ ಕಳ್ಳತನಕ್ಕೆ ಜೈಲಿಲ್ಲ, ಕಸ ಗುಡಿಸುವ ಶಿಕ್ಷೆ ಬಂದಿದೆ ಅಂತ ಎಲ್ಲೋ ಓದಿದ ನೆನಪು. ನಿಜನಾ?

ಕರಿಕೋಟು
ಅರ್ಧ ನಿಜ ಮೇಡಂ. ಅದರ ಹೆಸರು ಸಮುದಾಯ ಸೇವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತಲ್ಲ, ಅದರ ಸೆಕ್ಷನ್ 4ರಲ್ಲಿ ಶಿಕ್ಷೆಯ ಬಗೆಗಳ ಪಟ್ಟಿ ಇದೆ. ಅದಕ್ಕೂ ಮೊದಲಿದ್ದ 1860ರ ದಂಡ ಸಂಹಿತೆ ಐಪಿಸಿಯಲ್ಲಿ ಇಲ್ಲದ ಈ ಒಂದು ಬಗೆ ಹೊಸದಾಗಿ ಸೇರಿದೆ. ಕಳ್ಳತನದ ವಿಷಯದಲ್ಲಿ ಷರತ್ತು ಮೂರು. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಇರಬೇಕು. ಅವನಿಗೆ ಅದು ಮೊದಲ ಶಿಕ್ಷೆ ಆಗಿರಬೇಕು. ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟಿರಬೇಕು. ಆಗ ಸೆಕ್ಷನ್ 303(2)ರಲ್ಲಿ ಸಮುದಾಯ ಸೇವೆಯೇ ಶಿಕ್ಷೆ.

ಇದಲ್ಲದೆ ಮಾನನಷ್ಟ, ಕುಡಿದು ಬೀದಿಯಲ್ಲಿ ಗಲಾಟೆ, ಸರ್ಕಾರಿ ನೌಕರ ವ್ಯಾಪಾರ ಮಾಡುವುದು ಹೀಗೆ ಬೆರಳೆಣಿಕೆಯ ಅಪರಾಧಗಳಿಗೆ ಮಾತ್ರ ಉಂಟು. ಎಲ್ಲದಕ್ಕೂ ಅಲ್ಲ.

ಎಮ್ಮೆಚರ್ಮ
ಹಾಗಾದರೆ ಡೇಟಾ ಸೋರಿಸಿದ ಕಂಪನಿಯ ಮುಖ್ಯಸ್ಥರಿಗೆ ಸಮುದಾಯ ಸೇವೆ ಕೊಡಿ. ಆರು ತಿಂಗಳು ಅವರದೇ ಗ್ರಾಹಕ ಸೇವೆಯ ಫೋನ್ ಎತ್ತಬೇಕು.

ಬೆಳ್ಳಿಚುಕ್ಕಿ
ಇದಕ್ಕಿಂತ ಕ್ರೂರ ಶಿಕ್ಷೆ ಸಂವಿಧಾನ ಒಪ್ಪುವುದಿಲ್ಲ 😄

ಹಳೇಬೆಂಚು
ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ನ್ಯಾಯಾಧೀಶರ ಕೆಳಗಿನ ಮೇಜಿನಲ್ಲಿ ಕೂತವನು. ಈಗ ನಿವೃತ್ತ. ಶಿಕ್ಷೆ ಹೇಗೆ ತೀರ್ಮಾನ ಆಗುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಹಾಗಾಗಿ ಬರೆಯುತ್ತಿದ್ದೇನೆ.

ತಪ್ಪಿತಸ್ಥ ಅಂತ ತೀರ್ಪು ಓದಿದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯಾಗಿ ಕೇಳಬೇಕು ಅನ್ನುವುದು ನಿಯಮ. ಹಳೇ ಸಿಆರ್‌ಪಿಸಿಯಲ್ಲಿ 235(2), ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 258(2). ಒಳ್ಳೆಯ ನಿಯಮ. ಆದರೆ ನಡೆಯುತ್ತಿದ್ದದ್ದು ಹೇಗೆ? ಸಾಹೇಬರು ಕೇಳುತ್ತಾರೆ, "ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯಾ?" ಅವನು ಕೈಮುಗಿದು, "ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ದುಡಿಯುವವನು ನಾನೊಬ್ಬನೇ ಸ್ವಾಮಿ" ಅನ್ನುತ್ತಾನೆ. ವಕೀಲರು "ಕರುಣೆ ತೋರಿಸಬೇಕು" ಅನ್ನುತ್ತಾರೆ. ಸರ್ಕಾರಿ ವಕೀಲರು "ಕಠಿಣ ಶಿಕ್ಷೆ ಆಗಬೇಕು" ಅನ್ನುತ್ತಾರೆ. ಹತ್ತು ನಿಮಿಷ ಮುಗಿಯಿತು. ಆ ತಾಯಿ ನಿಜವಾಗಿ ಇದ್ದಾಳಾ, ಅವನು ಹಿಂದೆ ಏನು ಮಾಡುತ್ತಿದ್ದ, ಯಾಕೆ ಕದ್ದ, ಇದನ್ನೆಲ್ಲ ಯಾರೂ ಹೋಗಿ ನೋಡಿ ಬಂದಿರುವುದಿಲ್ಲ. ಒಳ್ಳೆಯ ನಡತೆಯ ಷರತ್ತಿನ ಮೇಲೆ ಜೈಲಿಲ್ಲದೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಅಂಥ ವರದಿ ತರಿಸಲು ಅವಕಾಶ ಇದೆ. ನನ್ನ ಮೇಜಿಗೆ ಬಂದ ಅಂಥ ವರದಿಗಳನ್ನು ಕೈಬೆರಳಲ್ಲಿ ಎಣಿಸಬಹುದು.

ಒಂದೇ ಕಟ್ಟಡ, ಅಕ್ಕಪಕ್ಕದ ಎರಡು ಕೋರ್ಟ್ ಹಾಲ್. ಒಂದೇ ಥರದ ಹೊಡೆದಾಟದ ಕೇಸು. ಒಬ್ಬರು ಕೋರ್ಟ್ ಏಳುವ ತನಕ ಸಜೆ ಕೊಟ್ಟರು. ಅಂದರೆ ಸಂಜೆ ತನಕ ಮೂಲೆಯಲ್ಲಿ ಕೂತು, ದಂಡ ಕಟ್ಟಿ ಮನೆಗೆ ಹೋಗುವುದು. ಪಕ್ಕದವರು ಆರು ತಿಂಗಳು ಸಾದಾ ಸಜೆ ಕೊಟ್ಟರು. ಇಬ್ಬರದೂ ಕಾನೂನು ಪ್ರಕಾರ ಸರಿ! "ಒಂದು ವರ್ಷದ ವರೆಗೆ" ಅಂತ ಬರೆದರೆ ಒಂದು ದಿನವೂ ಸರಿಯೇ, ಮುನ್ನೂರ ಅರವತ್ತೈದು ದಿನವೂ ಸರಿಯೇ.

ಸುಮ್ನೆಓದುವವಳು
ಓದಿ ಬೇಸರವಾಯಿತು ಸರ್. ಇದಕ್ಕೆ ಒಂದು ಅಳತೆಗೋಲು ಅಂತ ಇಲ್ವಾ?

ಕರಿಕೋಟು
ಇಲ್ಲ. ಹೇಳಿದವರು ಮಾತ್ರ ಬಹಳ ಜನ. ನಮ್ಮವರೇ ಆದ ವಿ.ಎಸ್. ಮಳಿಮಠ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು, 2003ರಲ್ಲೇ ತಮ್ಮ ಸಮಿತಿಯ ವರದಿಯಲ್ಲಿ ಶಿಕ್ಷೆಗೆ ಮಾರ್ಗಸೂಚಿ ಬೇಕು, ಅದಕ್ಕೊಂದು ಕಾನೂನುಬದ್ಧ ಸಮಿತಿ ಬೇಕು ಅಂದಿದ್ದರು. ಆಮೇಲೆ ಬಂದ ಮಾಧವ ಮೆನನ್ ಸಮಿತಿಯೂ ಅದನ್ನೇ ಹೇಳಿತು. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಇದರ ಬಗ್ಗೆ ಯೋಚಿಸಿ ಅಂತ ಮತ್ತೆ ಹೇಳಿತು. ಅಷ್ಟರಲ್ಲಾಗಲೇ ಮೂರು ಹೊಸ ಕಾನೂನು ಪಾಸಾಗಿದ್ದವು. ಅಳತೆಗೋಲು ಮಾತ್ರ ಇರಲಿಲ್ಲ.

ಕಾಗದದದೋಣಿ
ಅಳತೆಗೋಲು ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1984ರಲ್ಲಿ ಶಿಕ್ಷೆ ಸುಧಾರಣಾ ಕಾಯ್ದೆ ತಂದರು. ಆಯೋಗ ಮಾಡಿದರು. ಅಪರಾಧಕ್ಕೆ ಒಂದು ಅಂಕ, ಹಳೇ ದಾಖಲೆಗೆ ಒಂದು ಅಂಕ, ಎರಡನ್ನೂ ಕೋಷ್ಟಕದಲ್ಲಿ ಇಟ್ಟರೆ ಇಷ್ಟರಿಂದ ಇಷ್ಟು ತಿಂಗಳು ಅಂತ ಬರುತ್ತದೆ. ನ್ಯಾಯಾಧೀಶರು ಮಗ್ಗಿ ಒಪ್ಪಿಸಿದ ಹಾಗೆ ಶಿಕ್ಷೆ ಕೊಡಬೇಕಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದು ಕಡ್ಡಾಯ ಅಲ್ಲ, ಸಲಹೆ ಮಾತ್ರ ಅಂತ ಹೇಳಬೇಕಾಯಿತು.

ಕಡ್ಡಾಯ ಶಿಕ್ಷೆಯ ಇನ್ನೊಂದು ಕಥೆಯೂ ಅಲ್ಲಿಯದೇ. ಕೊಕೇನಿನ ಪುಡಿ ಇಟ್ಟುಕೊಂಡವನಿಗಿಂತ ಅದೇ ಕೊಕೇನನ್ನು ಗಟ್ಟಿ ಮಾಡಿದ ಕ್ರ್ಯಾಕ್ ಇಟ್ಟುಕೊಂಡವನಿಗೆ ನೂರರಲ್ಲಿ ಒಂದು ಭಾಗದಷ್ಟು ತೂಕಕ್ಕೇ ಅದೇ ಶಿಕ್ಷೆ. 1986ರ ಕಾಯ್ದೆ ಅದು. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರಲ್ಲಿ ಬಹುಪಾಲು ಕರಿಯರು. 2010ರಲ್ಲಿ 100ಕ್ಕೆ 1 ಇದ್ದದ್ದನ್ನು 18ಕ್ಕೆ 1 ಮಾಡಿದರು. ಅದು ಹಳೇ ಕೈದಿಗಳಿಗೂ ಸಲ್ಲಲು 2018ರ ಇನ್ನೊಂದು ಕಾಯ್ದೆ ಬರಬೇಕಾಯಿತು. ಅಳತೆಗೋಲೇ ಡೊಂಕಾಗಿದ್ದರೆ ಅಳೆದದ್ದೆಲ್ಲ ಒಂದೇ ಸಮನಾಗಿ ಡೊಂಕು.

ಬೀಗದಕೈ
ಇದಕ್ಕೇ ಸೇರಿಸುತ್ತೇನೆ, ಡೇಟಾಗೂ ಶಿಕ್ಷೆಗೂ ಗಂಟು ಬೀಳುವುದು ಇಲ್ಲೇ. ಅಮೆರಿಕದ ಕೆಲವು ಕಡೆ ಆರೋಪಿ ಮತ್ತೆ ತಪ್ಪು ಮಾಡುವ ಸಂಭವ ಎಷ್ಟು ಅಂತ ಸಾಫ್ಟ್‌ವೇರ್ ಅಂಕ ಕೊಡುತ್ತದೆ. ಕಾಂಪಾಸ್ ಅಂತ ಒಂದಿದೆ. ವಿಸ್ಕಾನ್ಸಿನ್‌ನಲ್ಲಿ ಲೂಮಿಸ್ ಎಂಬುವನು ಕೇಳಿದ, "ನನಗೆ ಶಿಕ್ಷೆ ಕೊಡುವಾಗ ನೋಡಿದ ಅಂಕ ಹೇಗೆ ಬಂತು ಅಂತ ನನಗೆ ತೋರಿಸಿ." ಲೆಕ್ಕದ ಬಗೆ ಕಂಪನಿಯ ವ್ಯಾಪಾರ ಗುಟ್ಟು ಅಂತ ತೋರಿಸಲಿಲ್ಲ. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಎಚ್ಚರಿಕೆಯ ಮಾತು ಸೇರಿಸಿ ಬಳಸಬಹುದು, ಆದರೆ ಅದೊಂದನ್ನೇ ನಂಬಿ ಶಿಕ್ಷೆ ಕೊಡಬಾರದು ಅಂದಿತು.

ನೋಡಿ ಚಂದ. ನಮ್ಮ ಶುಗರ್ ಎಷ್ಟು ಅನ್ನುವುದು ಗುಟ್ಟಲ್ಲ. ಕಂಪನಿಯ ಲೆಕ್ಕ ಮಾತ್ರ ಗುಟ್ಟು.

ಎಮ್ಮೆಚರ್ಮ
👆 ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಮಾತು.

ನೆರಳುಬೆಳಕು
ವಿಷಯ ಎಲ್ಲೆಲ್ಲೋ ಹೋಗುತ್ತಿದೆ. ನನ್ನದು ನೇರ ಮಾತು. ಜೈಲು ಬೇಕು. ಎರಡು ವರ್ಷ ಒಳಗೆ ಹಾಕಿ, ಮಾರನೇ ದಿನವೇ ಎಲ್ಲ ಕಂಪನಿಗಳ ಬೀಗ ಗಟ್ಟಿಯಾಗುತ್ತದೆ. ದಂಡ ಅನ್ನುವುದು ಅವರಿಗೆ ಖರ್ಚಿನ ಪುಸ್ತಕದ ಇನ್ನೊಂದು ಸಾಲು. ಕೊನೆಗೆ ಅದನ್ನೂ ನಮ್ಮ ಬಿಲ್ಲಿಗೇ ಸೇರಿಸುತ್ತಾರೆ.

ಬೀಗದಕೈ
ನೆರಳುಬೆಳಕಿನವರೇ, ಯಾರನ್ನು ಹಾಕುತ್ತೀರಿ? ಆ ಲಿಂಕ್ ಬರೆದವನು ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗ. "ಶುಕ್ರವಾರಕ್ಕೆ ಬೇಕೇ ಬೇಕು" ಅಂದವನು ಅವನ ಮ್ಯಾನೇಜರ್. ಭದ್ರತೆಗೆ ಹಣ ಇಡದವರು ಅದಕ್ಕೂ ಮೇಲಿನವರು. ಜೈಲು ಅಂತ ಬರೆದರೆ ಹೋಗುವವನು ಆ ಹುಡುಗ. ಆಮೇಲೆ ಸೋರಿಕೆ ಆದರೆ ಒಳಗಿನವರು ಯಾರೂ ಬಾಯಿ ಬಿಡುವುದಿಲ್ಲ. ಮುಚ್ಚಿಹಾಕುತ್ತಾರೆ. ಅದು ಇನ್ನೂ ಅಪಾಯ.

ನೆರಳುಬೆಳಕು
ಮುಚ್ಚಿಹಾಕಿದವರನ್ನೇ ಹಾಕಿ ಮತ್ತೆ!

ಕಾಗದದದೋಣಿ
ಅದಕ್ಕೆ ಉದಾಹರಣೆ ಇದೆ. ಊಬರ್‌ನ ಭದ್ರತಾ ಮುಖ್ಯಸ್ಥರಾಗಿದ್ದವರ ಕೇಸ್. 2016ರಲ್ಲಿ ಸುಮಾರು 5.7 ಕೋಟಿ ಬಳಕೆದಾರರ ಮಾಹಿತಿ ಕಳವಾಯಿತು. ಹ್ಯಾಕರುಗಳಿಗೆ ದುಡ್ಡು ಕೊಟ್ಟು, ಸರ್ಕಾರಕ್ಕೆ ಹೇಳದೆ ಮುಚ್ಚಿಟ್ಟರು. 2022ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು. ತಪ್ಪು ಯಾವುದು ಗೊತ್ತಾ? ಸೋರಿಕೆ ಅಲ್ಲ, ಮುಚ್ಚಿಟ್ಟದ್ದು. 2023ರಲ್ಲಿ ಶಿಕ್ಷೆ: ಮೂರು ವರ್ಷ ಪ್ರೊಬೇಷನ್ ಮತ್ತು 50,000 ಡಾಲರ್ ದಂಡ. ಸರ್ಕಾರಿ ವಕೀಲರು 15 ತಿಂಗಳು ಜೈಲು ಕೇಳಿದ್ದರು.

ತಕರಾರು
ಪ್ರೊಬೇಷನ್ ಅಂದರೆ ಮನೆಗೇ ಹೋದ ಹಾಗೆ. ಗಡಿಯಾರದವರ ಬಸ್ಸಿನ ಹುಡುಗನಿಗೆ ಇದ್ಯಾಕೆ ಸಿಗಲಿಲ್ಲ? 1958ರ ಕಾಯ್ದೆ ಅವನಿಗೂ ಇತ್ತಲ್ಲ.

ಹಳೇಬೆಂಚು
ಕೇಳುವ ವಕೀಲರಿದ್ದರೆ ಸಿಗುತ್ತದೆ ತಕರಾರು ಅವರೇ. ಕೇಳದಿದ್ದರೂ ಕೊಡುವ ನ್ಯಾಯಾಧೀಶರಿದ್ದರೂ ಸಿಗುತ್ತದೆ. ಅಂಥವರನ್ನೂ ನೋಡಿದ್ದೇನೆ. ಒಬ್ಬರು ಸಾಹೇಬರು ಮೊದಲ ಸಲದ ಕಳ್ಳತನ ಅಂದರೆ ಬರೆದ ಆದೇಶ ತಡೆದು, ಪ್ರೊಬೇಷನ್ ಅಧಿಕಾರಿಯನ್ನು ಕರೆಸುತ್ತಿದ್ದರು. ಅವರಿಗೆ ವರ್ಗ ಆಯಿತು. ಬಂದವರು ಬೇರೆ ಥರ. ಎಲ್ಲ ಆಯಾ ಕುರ್ಚಿಯ ಮೇಲೆ ನಿಂತಿದೆ.

ಕರಿಕೋಟು
ನಿನ್ನೆ ರಾತ್ರಿ ಈ ಚರ್ಚೆ ಓದಿ, ಡಿಪಿಡಿಪಿ ಕಾಯ್ದೆಯ ಸೆಕ್ಷನ್ 33 ಮತ್ತೆ ತೆಗೆದೆ. ನಿಮಗೆಲ್ಲ ತೋರಿಸಲೇಬೇಕು.

ಕಂಪನಿಗೆ ಎಷ್ಟು ದಂಡ ಅಂತ ತೀರ್ಮಾನಿಸುವ ಮುಂಚೆ ಡೇಟಾ ಸಂರಕ್ಷಣಾ ಮಂಡಳಿ ಏನೇನು ನೋಡಬೇಕು ಅಂತ ಅಲ್ಲಿ ಏಳು ಅಂಶ ಬರೆದಿದ್ದಾರೆ. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು. ಯಾವ ಬಗೆಯ ಡೇಟಾ. ಹಿಂದೆಯೂ ಮಾಡಿದ್ದರಾ. ಅದರಿಂದ ಲಾಭ ಆಯಿತಾ. ಗೊತ್ತಾದ ಮೇಲೆ ಸರಿಪಡಿಸಲು ಏನು ಮಾಡಿದರು, ಎಷ್ಟು ಬೇಗ ಮಾಡಿದರು. ದಂಡ ತಪ್ಪಿಗೆ ತಕ್ಕಂತಿದೆಯಾ. ಕೊನೆಯದು ಕೇಳಿ: ಈ ದಂಡದಿಂದ ಅವರ ಮೇಲೆ ಏನು ಪರಿಣಾಮ ಆಗಬಹುದು.

ಇಷ್ಟು ಚೆನ್ನಾದ ಶಿಕ್ಷೆಯ ಅಳತೆಗೋಲು ನಮ್ಮ ಕಾನೂನಿನಲ್ಲಿ ಇದೆ. ಇರುವುದು ಕಂಪನಿಗೆ. ಮನುಷ್ಯನನ್ನು ಒಳಗೆ ಹಾಕುವಾಗ ಇಂಥ ಒಂದು ಪಟ್ಟಿ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಗಲ್ಲಿಗೆ 1980ರ ಬಚನ್ ಸಿಂಗ್ ತೀರ್ಪಿನ "ಅಪರೂಪದಲ್ಲಿ ಅಪರೂಪ" ಇದೆ. ದಿನಾ ಬರುವ ಕಳ್ಳತನ, ಹೊಡೆದಾಟಕ್ಕೆ ಏನೂ ಇಲ್ಲ.

ಹಳೇಬೆಂಚು
ಓದಿ ಸುಮ್ಮನೆ ಕೂತುಬಿಟ್ಟೆ. "ಅವರ ಮೇಲೆ ಏನು ಪರಿಣಾಮ." ನಮ್ಮಲ್ಲಿ ಅದನ್ನೇ ಅವನು ಕೈಮುಗಿದು ಹೇಳಬೇಕಿತ್ತು.

ತಕರಾರು
ಇದನ್ನು ಅಲ್ಲಿಂದ ಎತ್ತಿ ಇಲ್ಲಿಗೆ ಅಂಟಿಸಿದರೆ ಮುಗಿಯಿತಲ್ಲ ಸ್ವಾಮಿ? "ಕಂಪನಿ" ಅನ್ನುವ ಜಾಗದಲ್ಲಿ "ಆರೋಪಿ" ಅಂತ ಹಾಕಿದರೆ ಆಯಿತು.

ಕಾಗದದದೋಣಿ
ಅಷ್ಟು ಸುಲಭ ಅಲ್ಲ. ಆದರೆ ತೀರಾ ಕಷ್ಟವೂ ಅಲ್ಲ. ಇಂಗ್ಲೆಂಡಿನಲ್ಲಿ 2010ರಿಂದ ಶಿಕ್ಷಾ ಮಂಡಳಿ ಇದೆ. ಕಳ್ಳತನಕ್ಕೆ ಅವರ ಮಾರ್ಗಸೂಚಿ ನೋಡಿ. ಹಾನಿ ಎಷ್ಟು, ತಪ್ಪಿನ ಹೊಣೆ ಎಷ್ಟು ಅಂತ ಮೊದಲು ನೋಡುತ್ತಾರೆ. ಆಮೇಲೆ ಶಿಕ್ಷೆ ಏರಿಸುವ ಕಾರಣ, ಇಳಿಸುವ ಕಾರಣ. ನ್ಯಾಯಾಧೀಶರು ಅದನ್ನು ಅನುಸರಿಸಬೇಕು. ನ್ಯಾಯಕ್ಕೆ ವಿರುದ್ಧ ಅನಿಸಿದರೆ ಬಿಡಬಹುದು. ಅಮೆರಿಕದ ಮಗ್ಗಿಯೂ ಅಲ್ಲ, ನಮ್ಮ ಬಯಲೂ ಅಲ್ಲ.

ಬೆಳ್ಳಿಚುಕ್ಕಿ
ಎಲ್ಲ ಸರಿ. ನನ್ನದೊಂದು ದಡ್ಡ ಪ್ರಶ್ನೆ. ಆ 250 ಕೋಟಿ ದಂಡ ಹಾಕಿದರು ಅಂದುಕೊಳ್ಳಿ. ಅದರಲ್ಲಿ ಗಡಿಯಾರದವರಿಗೆ ಎಷ್ಟು ಬರುತ್ತದೆ?

ಕರಿಕೋಟು
ಸೊನ್ನೆ.

ಬೆಳ್ಳಿಚುಕ್ಕಿ
???

ಕರಿಕೋಟು
ಸೆಕ್ಷನ್ 34. ವಸೂಲಾದ ದಂಡವೆಲ್ಲ ಭಾರತದ ಸಂಚಿತ ನಿಧಿಗೆ. ಅಂದರೆ ಸರ್ಕಾರದ ಖಜಾನೆಗೆ. ರಿಪೋರ್ಟ್ ಸೋರಿದವನಿಗೆ ಈ ಕಾಯ್ದೆಯಲ್ಲಿ ಪರಿಹಾರ ಅನ್ನುವುದೇ ಇಲ್ಲ. ಅದೇ ಕಳ್ಳತನದ ಕೇಸಿನಲ್ಲಿ ನೋಡಿ, ಬಿಎನ್‌ಎಸ್‌ಎಸ್ ಸೆಕ್ಷನ್ 395ರಲ್ಲಿ ದಂಡದ ಹಣದಿಂದ ನೊಂದವನಿಗೆ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಮೊಬೈಲ್ ಕಳೆದುಕೊಂಡ ಗಡಿಯಾರದವರಿಗೆ ದಾರಿ ಇತ್ತು. ಡೇಟಾ ಕಳೆದುಕೊಂಡ ಗಡಿಯಾರದವರಿಗೆ ಇಲ್ಲ.

ಅದಕ್ಕಿಂತ ತಮಾಷೆ, ಸುಳ್ಳು ದೂರು ಕೊಟ್ಟರೆ ನಿಮಗೇ 10,000 ರೂಪಾಯಿ ವರೆಗೆ ದಂಡ.

ಎಮ್ಮೆಚರ್ಮ
ಆ ಒಂದು ದಂಡ ಮಾತ್ರ ಬೇಗ ವಸೂಲಾಗುತ್ತದೆ ನೋಡಿ.

ನೆರಳುಬೆಳಕು
ಯುರೋಪಿನಲ್ಲಿ ಹೀಗಿಲ್ಲ. ಅಲ್ಲಿನ ಡೇಟಾ ಕಾನೂನಾದ ಜಿಡಿಪಿಆರ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಮಾಡುವ ಒಟ್ಟು ವಾರ್ಷಿಕ ವಹಿವಾಟಿನ ನೂರಕ್ಕೆ 4ರ ವರೆಗೆ ದಂಡ. 2023ರಲ್ಲಿ ಮೆಟಾಗೆ 120 ಕೋಟಿ ಯೂರೋ ಹಾಕಿದರು. ಅದರ ಮೇಲೆ ಜನ ಪರಿಹಾರವನ್ನೂ ಕೇಳಬಹುದು.

ಕಾಗದದದೋಣಿ
ಹೌದು, 82ನೇ ವಿಧಿ. ಕ್ಯಾಲಿಫೋರ್ನಿಯಾದ ಕಾಯ್ದೆ ಇನ್ನೂ ನೇರ. ಭದ್ರತೆ ಸರಿ ಇಡದೆ ಸೋರಿಕೆಯಾದರೆ ಪ್ರತಿ ಗ್ರಾಹಕನಿಗೆ ಇಂತಿಷ್ಟು ಡಾಲರ್ ಅಂತಲೇ ಬರೆದಿದ್ದಾರೆ. ನಷ್ಟ ಎಷ್ಟಾಯಿತು ಅಂತ ನೀವು ಸಾಬೀತು ಮಾಡುತ್ತಾ ಕೂರಬೇಕಿಲ್ಲ. ಖಾಸಗಿತನದ ಕೇಸುಗಳು ಸೋಲುವುದೇ ಅಲ್ಲಿ ತಾನೆ. "ನಿಮಗೆ ಎಷ್ಟು ರೂಪಾಯಿ ನಷ್ಟ ಆಯಿತು?" ಅಂದರೆ ಏನು ಹೇಳುವುದು? ನನ್ನ ಕಾಯಿಲೆ ಪಕ್ಕದವನಿಗೆ ಗೊತ್ತಾಯಿತು, ಅದಕ್ಕೆ ಬಿಲ್ ಎಲ್ಲಿಂದ ತರುವುದು?

ಸುಮ್ನೆಓದುವವಳು
ಇದು ನನಗೆ ಆಗಿದೆ. ಬಸುರಿ ಆದದ್ದು ಅಮ್ಮನಿಗೂ ಹೇಳಿರಲಿಲ್ಲ, ಅಷ್ಟರಲ್ಲಿ ಮಕ್ಕಳ ವಿಮೆ ಮಾರುವವರು ಫೋನ್ ಮಾಡಿ ಅಭಿನಂದನೆ ಹೇಳಿದರು. ಎರಡು ತಿಂಗಳಿಗೆ ಬಸಿರು ನಿಲ್ಲಲಿಲ್ಲ. ಆಮೇಲೂ ಫೋನ್ ಬರುತ್ತಲೇ ಇತ್ತು. "ಮಗು ಹೇಗಿದೆ ಮೇಡಂ" ಅಂತ. ಆ ಫೋನುಗಳಿಗೆ ಬೆಲೆ ಕಟ್ಟಿ ಅಂದರೆ ನನಗೂ ಗೊತ್ತಿಲ್ಲ.

ಬೆಳ್ಳಿಚುಕ್ಕಿ
ಅಕ್ಕಾ... ಏನು ಹೇಳಬೇಕೋ ತಿಳಿಯುತ್ತಿಲ್ಲ.

ನೆರಳುಬೆಳಕು
ಕ್ಷಮಿಸಿ ಮೇಡಂ. ನಾನು ಸಿಟ್ಟಿನಲ್ಲಿ ಜೈಲು ಜೈಲು ಅಂತಿದ್ದೆ. ಆದರೆ ನಿಜ ಹೇಳಿ, ಆ ಪಟ್ಟಿ ಮಾರಿದವನು ಒಳಗೆ ಹೋದರೆ ನಿಮಗೆ ಸಮಾಧಾನ ಆಗುತ್ತಿತ್ತಾ?

ಸುಮ್ನೆಓದುವವಳು
ಆಗ ಆಗುತ್ತಿತ್ತೇನೋ. ಈಗ ಕೇಳಿದರೆ, ಯಾರು ಕೊಟ್ಟರು, ಯಾರ ಯಾರ ಹತ್ತಿರ ಇದೆ ಅಂತ ತಿಳಿದು ಅದು ಅಳಿಸಿಹೋದರೆ ಸಾಕಿತ್ತು. ಫೋನ್ ನಿಲ್ಲಬೇಕಿತ್ತು, ಅಷ್ಟೇ.

ಕರಿಕೋಟು
ಮೇಡಂ, ಗೊತ್ತಿದ್ದೂ ಮಾರಿದ್ದರೆ ಅದಕ್ಕೆ ಈಗಲೂ ಜೈಲು ಇದೆ. ಐಟಿ ಕಾಯ್ದೆ 72ಎ. ಒಪ್ಪಂದದ ಮೇಲೆ ಪಡೆದ ಮಾಹಿತಿಯನ್ನು ಒಪ್ಪಿಗೆ ಇಲ್ಲದೆ, ಲಾಭಕ್ಕೋ ಹಾನಿ ಮಾಡಲೋ ಬೇರೆಯವರಿಗೆ ಕೊಟ್ಟರೆ ಮೂರು ವರ್ಷದ ವರೆಗೆ. ಬೇಜವಾಬ್ದಾರಿಗೆ ದಂಡ, ಬೇಕೆಂದೇ ಮಾರಿದ್ದಕ್ಕೆ ಜೈಲು. ಈ ಗೆರೆ ನನಗೆ ಸರಿ ಅನಿಸುತ್ತದೆ. ನೀವು ಕೇಳಿದ "ಯಾರ ಹತ್ತಿರ ಇದೆ, ಅಳಿಸಿ" ಅನ್ನುವ ಹಕ್ಕು ಡಿಪಿಡಿಪಿಯಲ್ಲಿ ಬರೆದಿದೆ, ಸೆಕ್ಷನ್ 11 ಮತ್ತು 12. ಆದರೆ ಜಾರಿಗೆ ಇನ್ನೂ ಕಾಯಬೇಕು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅಂದರೆ 2027ರ ಮೇ.

ತಕರಾರು
ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24. ಕಾಯ್ದೆ 2023. ಜಾರಿ 2027. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಸರ್ಕಾರಕ್ಕೆ ಸೆಕ್ಷನ್ 17ರಲ್ಲಿ ವಿನಾಯಿತಿ ಬರೆಯಲು ಮಾತ್ರ ತಡವಾಗಲಿಲ್ಲ.

ಗಡಿಯಾರದಮುಳ್ಳು
ಹಾಗಾದರೆ ನಾನು 2027ರ ತನಕ ಶುಗರ್ ಔಷಧಿಯವರ ಜೊತೆ ಮಾತಾಡುತ್ತಾ ಇರಬೇಕಾ? ಅಂದಹಾಗೆ ನನಗೆ ಶುಗರ್ ಇಲ್ಲ. ಗಡಿಯಲ್ಲಿದೆ ಅಷ್ಟೇ.

ಎಮ್ಮೆಚರ್ಮ
ಈಗ ನಮಗೂ ಗೊತ್ತಾಯಿತು 😂

ಕರಿಕೋಟು
ಬೇಡ. ಎರಡು ದಾರಿ ಇವೆ.

ಒಂದು, ಐಟಿ ಕಾಯ್ದೆಯ 43ಎ. ಹೊಸ ಕಾಯ್ದೆ ಇದನ್ನು ತೆಗೆದುಹಾಕುತ್ತದೆ. ಆದರೆ ತೆಗೆಯುವ ಆ ಭಾಗವೂ ಅದೇ 18 ತಿಂಗಳ ಗಡುವಿನಲ್ಲಿದೆ. ಅಲ್ಲಿಯ ತನಕ 43ಎ ಬದುಕಿದೆ. ಸೂಕ್ಷ್ಮ ಮಾಹಿತಿಯನ್ನು ಬೇಜವಾಬ್ದಾರಿಯಿಂದ ಇಟ್ಟು ನಷ್ಟವಾದರೆ ಪರಿಹಾರ. ಬರೀ ಫೋನ್ ನಂಬರ್ ಆಗಿದ್ದರೆ 2011ರ ನಿಯಮಗಳ ಪಟ್ಟಿಗೆ ಬರುತ್ತಿರಲಿಲ್ಲ. ನಿಮ್ಮದು ವೈದ್ಯಕೀಯ ರಿಪೋರ್ಟ್, ಅದು ಬರುತ್ತದೆ. ದೂರು ಕೊಡುವುದು ರಾಜ್ಯದ ಐಟಿ ಕಾರ್ಯದರ್ಶಿಗೆ. ಅವರೇ ಇದರ ತೀರ್ಪುಗಾರ ಅಧಿಕಾರಿ, 5 ಕೋಟಿ ರೂಪಾಯಿ ವರೆಗಿನ ಪರಿಹಾರದ ಅರ್ಜಿ ನೋಡುತ್ತಾರೆ.

ಇನ್ನೊಂದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕ ನಂಬಿಕೆಯಿಂದ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಸ್ಪಷ್ಟವಾಗಿ ಇದೆ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ, ಇರಲಿ. ನಾನಾದರೆ ಇದನ್ನೇ ಮೊದಲು ಹಿಡಿಯುತ್ತೇನೆ.

ಬೀಗದಕೈ
ಸಾಕ್ಷ್ಯ ಉಳಿಸಿಕೊಳ್ಳಿ. ನಿಮ್ಮದೇ ಲಿಂಕ್, ಪಾಸ್‌ವರ್ಡ್ ಇಲ್ಲದೆ ತೆರೆಯುವುದರ ಪರದೆ ಚಿತ್ರ, ದಿನಾಂಕ ಸಮೇತ. ಬೇರೆಯವರ ರಿಪೋರ್ಟಿನ ಚಿತ್ರ ಇಟ್ಟುಕೊಳ್ಳಬೇಡಿ. ತಮ್ಮ ತೆಗೆದಿದ್ದರೆ ಯಾರಿಗೂ ಕಳಿಸುವುದು ಬೇಡ, ಅಳಿಸುವ ಮುಂಚೆ ಕರಿಕೋಟಿನವರನ್ನು ಕೇಳಿ. ಸರ್ಟ್-ಇನ್‌ಗೂ ಒಂದು ಮೇಲ್ ಹಾಕಿ. ತೂತಿನ ಬಗ್ಗೆ ಹೇಳಲು ಸರ್ಕಾರದ ಸಂಸ್ಥೆ ಅದೇ.

ಬೆಳ್ಳಿಚುಕ್ಕಿ
ವಿಷಯ ಬಿಟ್ಟು ಒಂದು. ಹೊಸ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ಸೂಚನೆ ಕನ್ನಡದಲ್ಲೂ ಸಿಗಬೇಕಂತೆ, ಹೌದಾ?

ಕರಿಕೋಟು
ಹೌದು. ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು.

ಎಮ್ಮೆಚರ್ಮ
ಇಷ್ಟು ದಿನ ಇಂಗ್ಲಿಷಿನಲ್ಲಿ ಓದದೆ ಒಪ್ಪುತ್ತಿದ್ದೆವು. ಇನ್ನು ಕನ್ನಡದಲ್ಲಿ ಓದದೆ ಒಪ್ಪೋಣ.

ಗಡಿಯಾರದಮುಳ್ಳು
ಹತ್ತು ದಿನ ಆಯಿತು, ಸುದ್ದಿ ಹೇಳುತ್ತೇನೆ. ಗ್ರಾಹಕರ ಆಯೋಗಕ್ಕೆ ಆನ್‌ಲೈನ್‌ನಲ್ಲಿ ದೂರು ಹಾಕಿದೆ. ಸ್ವೀಕೃತಿ ಬಂದಿದೆ. ಕಂಪನಿಗೂ ನೋಟಿಸ್ ಕಳಿಸಿದ್ದೆ. ಲಿಂಕ್ ಈಗ ಒಟಿಪಿ ಕೇಳುತ್ತಿದೆ, ಸದ್ದಿಲ್ಲದೆ ಸರಿ ಮಾಡಿದ್ದಾರೆ. ತಮ್ಮ ನಿರಾಳ.

ಬಸ್ಸಿನ ಹುಡುಗನ ಬಗ್ಗೆಯೂ ವಿಚಾರಿಸಿದೆ. ಕೇಸ್ ಇನ್ನೂ ನಡೆಯುತ್ತಿದೆ. ಹಳೇ ಐಪಿಸಿ 379. ಹಳೇಬೆಂಚು ಸರ್, ನಾನು ಮೊಬೈಲ್ ಕಳೆದುಕೊಂಡವನು. ನಾನೇ ಹೋಗಿ ಪ್ರೊಬೇಷನ್ ಕೊಡಿ ಅಂತ ಹೇಳಬಹುದಾ?

ಹಳೇಬೆಂಚು
ನಿಮ್ಮ ಮಾತಿಗೆ ತೂಕ ಇರುತ್ತದೆ. ಸರ್ಕಾರಿ ವಕೀಲರನ್ನು ಮೊದಲು ಕಾಣಿ. 379 ಆದ್ದರಿಂದ ಮಾಲಿನ ಒಡೆಯರಾದ ನೀವು ರಾಜಿಯೂ ಮಾಡಿಕೊಳ್ಳಬಹುದು, ಅದನ್ನೂ ಕೇಳಿ ನೋಡಿ. ರಾಜಿ ಆದರೆ ಶಿಕ್ಷೆಯ ಮಾತೇ ಬರುವುದಿಲ್ಲ. ಬೆಳಗ್ಗೆ ಹತ್ತೂವರೆಗೇ ಹೋಗಿ, ಹನ್ನೊಂದರ ಮೇಲೆ ಅವರು ಕೈಗೆ ಸಿಗುವುದಿಲ್ಲ.

ಗಡಿಯಾರದಮುಳ್ಳು
ಸೋಮವಾರ ಹೋಗುತ್ತೇನೆ ಸರ್.

ಅಂದಹಾಗೆ ಕಂಪನಿಯಿಂದ ಈಗಷ್ಟೇ ಉತ್ತರ ಬಂತು. ನನ್ನ ಡೇಟಾ ಅಳಿಸುವ ಅರ್ಜಿಯನ್ನು ಪರಿಶೀಲಿಸಲು ಆಧಾರ್ ಪ್ರತಿ, ವಿಳಾಸದ ದಾಖಲೆ, ಒಂದು ಸೆಲ್ಫಿ ಕಳಿಸಬೇಕಂತೆ.

ಬೀಗದಕೈ
ಕಳಿಸಬೇಡಿ ಮಾರಾಯ್ರೇ!! ತೀರಾ ಬೇಕೇ ಬೇಕು ಅಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಸಿಗುತ್ತದೆ, ಅದನ್ನು ಕೊಡಿ. ಸೆಲ್ಫಿ ಯಾಕಂತೆ?

ಗಡಿಯಾರದಮುಳ್ಳು
ಕೇಳಿದೆ. "ನಿಮ್ಮ ಖಾಸಗಿತನ ನಮಗೆ ಅತ್ಯಂತ ಮುಖ್ಯ" ಅಂತ ಬಂತು.